ಸೋತದ್ದು ಏಕೆಂದು ಮೊದಲು ಹೇಳಿ, ಆಮೇಲೆ ಗೈಡು ತೆರೆಯಿರಿ

ಮಾನ್ಯ ಸಂಪಾದಕರಿಗೆ,

ನಮಸ್ಕಾರ. ನಮ್ಮ ಕಡೆ ‘ಗೈಡು’ ಎಂಬ ಮಾತಿಗೆ ಮೊದಲಿನಿಂದಲೂ ಎರಡು ಮುಖ. ಎಸ್‌ಎಸ್‌ಎಲ್‌ಸಿ ಮಕ್ಕಳ ಚೀಲದಲ್ಲಿ ಪಠ್ಯಪುಸ್ತಕದ ಪಕ್ಕದಲ್ಲೇ ಗೈಡೂ ಇರುತ್ತದೆ. ಅದನ್ನು ಕೊಡಿಸುವವರೂ ಅಪ್ಪ ಅಮ್ಮನೇ, ‘ಬರೀ ಗೈಡು ನೋಡ್ಕೊಂಡು ಓದ್ತಾನೆ’ ಎಂದು ಬೈಯುವವರೂ ಅವರೇ. ಅದೇ ಎರಡು ಮನಸ್ಸು ಈಗ ವಿಡಿಯೊ ಗೇಮಿನ ಗೈಡಿಗೂ, ಅಂದರೆ ಆಟ ದಾಟುವ ದಾರಿ ಹೇಳುವ ಬರಹ, ವಿಡಿಯೊಗಳಿಗೂ ಬಂದಿದೆ. ತುಮಕೂರಿನ ಹಾಸ್ಟೆಲ್ ಕೋಣೆಗಳಲ್ಲಿ, ಗೇಮಿಂಗ್ ಸೆಂಟರುಗಳಲ್ಲಿ, ಮನೆಯ ಟಿವಿ ಮುಂದೆ ಅಣ್ಣ ತಮ್ಮಂದಿರ ನಡುವೆ ಇದೊಂದೇ ಜಗಳ: ಯೂಟ್ಯೂಬ್ ನೋಡಿ ಗೆದ್ದರೆ ಅದೂ ಒಂದು ಗೆಲುವೇ? ಒಬ್ಬ ಮೋಸ ಅನ್ನುತ್ತಾನೆ. ಇನ್ನೊಬ್ಬ, ದುಡ್ಡು ಕೊಟ್ಟು ತಂದ ಆಟ, ಹೇಗಾದರೂ ಆಡುತ್ತೇನೆ ಅನ್ನುತ್ತಾನೆ. ಈ ಜಗಳದಲ್ಲಿ ಕೆಲಸಕ್ಕೆ ಬರುವ ಮಾತು ಯಾರ ಬಾಯಲ್ಲೂ ಬರುತ್ತಿಲ್ಲ ಎಂಬ ಕಾರಣಕ್ಕೆ ಈ ಪತ್ರ. ಸ್ವಲ್ಪ ಉದ್ದವಿದೆ, ದಯವಿಟ್ಟು ಜಾಗ ಕೊಡಿ.

ಗೈಡು ನೋಡುವುದು ಸರಿಯೋ ತಪ್ಪೋ ಎಂಬುದಕ್ಕಿಂತ ಮೊದಲು ಕೇಳಬೇಕಾದದ್ದು, ಸಿಕ್ಕಿಕೊಂಡಿರುವುದು ಎಲ್ಲಿ ಎಂದು. ಅದನ್ನು ತಿಳಿಯಲು ಒಂದು ಸಣ್ಣ ಪರೀಕ್ಷೆ ಸಾಕು. ಆಟದಲ್ಲಿ ಸತ್ತ ಕೂಡಲೇ, ಮತ್ತೆ ಬಟನ್ ಒತ್ತುವ ಮುಂಚೆ, ಸತ್ತದ್ದು ಯಾಕೆ ಎಂದು ಒಂದೇ ವಾಕ್ಯದಲ್ಲಿ ಬಾಯಿಬಿಟ್ಟು ಹೇಳಿ. ‘ಅವನು ಕೋಲೆತ್ತಿ ಒಂದು ಕ್ಷಣ ತಡೆದು ಹೊಡೆದ, ನಾನು ತಪ್ಪಿಸಿಕೊಳ್ಳಲು ಆತುರಪಟ್ಟು ಮೊದಲೇ ಉರುಳಿದೆ’ ಎಂಬಂಥ ವಾಕ್ಯ ಬಂದರೆ ಗೈಡು ಬೇಕಿಲ್ಲ. ತಿಳಿಯಬೇಕಾದದ್ದು ತಿಳಿದಿದೆ, ಪಳಗಬೇಕಾದದ್ದು ಕೈ. ‘ಏನೋ ಬಂತು, ಸತ್ತೆ’ ಎಂದಷ್ಟೇ ಬಂದರೆ, ಹತ್ತಿಪ್ಪತ್ತು ಸಲ ಸತ್ತ ಮೇಲೂ ಅಷ್ಟೇ ಬರುತ್ತಿದ್ದರೆ, ಕೊರತೆ ಇರುವುದು ಮಾಹಿತಿಯದು. ಆಗ ಗೈಡು ತೆರೆಯಲು ಸಂಕೋಚ ಬೇಡ. ಸಾಯುವ ಮಾತೇ ಇಲ್ಲದೆ ಮುಚ್ಚಿದ ಬಾಗಿಲ ಮುಂದೆ ನಿಂತಿದ್ದೀರಿ ಎಂದಾದರೆ ಅದು ಒಗಟು. ಅದರ ದಾರಿ ಬೇರೆ, ಮುಂದೆ ಹೇಳುತ್ತೇನೆ.

ಮಾಹಿತಿಯ ಕೊರತೆ ಎಂದರೆ ಎಂಥದ್ದು? 2011ರ ಡಾರ್ಕ್ ಸೋಲ್ಸ್ ಆಟ ನೋಡಿ. ಮೊದಲ ಬೆಂಕಿಯ ತಾಣದಿಂದ ಮೂರು ದಿಕ್ಕಿಗೆ ದಾರಿಗಳಿವೆ. ಒಂದು ಸ್ಮಶಾನದ ಕಡೆಗೆ. ಅಲ್ಲಿನ ಅಸ್ಥಿಪಂಜರಗಳು ಹೊಸಬನನ್ನು ಎರಡು ಮೂರು ಏಟಿಗೇ ಮುಗಿಸುತ್ತವೆ. ಇನ್ನೊಂದು ಕೆಳಗೆ ಮುಳುಗಿದ ಊರಿಗೆ ಇಳಿಯುತ್ತದೆ. ಅಲ್ಲಿರುವ ದೆವ್ವಗಳಿಗೆ ನಿಮ್ಮ ಕತ್ತಿ ತಾಗುವುದೇ ಇಲ್ಲ, ಶಾಪ ತಟ್ಟಿದವನ ಏಟು ಮಾತ್ರ ಅವಕ್ಕೆ ತಾಗುತ್ತದೆ. ಮೂರನೆಯದು ಬೆಟ್ಟದ ಮಗ್ಗುಲಿನ ಮೆಟ್ಟಿಲು, ಹೊಸಬ ಹತ್ತಬೇಕಾದದ್ದು ಅದನ್ನು. ಸ್ಮಶಾನದಲ್ಲಿ ಮೂವತ್ತು ಸಲ ಸತ್ತವನಿಗೆ ಕೈ ಚಳಕ ಕಡಿಮೆಯಿಲ್ಲ, ದಾರಿ ತಪ್ಪಿದೆ ಅಷ್ಟೇ. ‘ಮೆಟ್ಟಿಲು ಹತ್ತು’ ಎಂದು ಯಾರಾದರೂ ಹೇಳಿದರೆ ಅವನ ಗೆಲುವಿಗೆ ಎಳ್ಳಷ್ಟೂ ಕುಂದಿಲ್ಲ. ಮಧುಗಿರಿ ಬೆಟ್ಟ ಹತ್ತುವವನಿಗೆ ಹೀಗೆಯೇ ಹೇಳಿ ಕಳಿಸುತ್ತೇವಲ್ಲ: ಬೆಳಗ್ಗೆ ಬೇಗ ಹೊರಡು, ನೀರು ಹೊತ್ತುಕೋ, ಬಂಡೆ ನೆನೆದಿದ್ದರೆ ಹತ್ತಬೇಡ. ಇಷ್ಟು ಹೇಳಿದ ಮಾತ್ರಕ್ಕೆ ಬೆಟ್ಟ ಹತ್ತಿದವನು ಅವನಲ್ಲ ಎಂದಾಗುವುದಿಲ್ಲ.

ಅದೇ ಆಟದಲ್ಲಿ ನೆಲದಡಿಯ ಚರಂಡಿಯಂಥ ಜಾಗದಲ್ಲಿ ದೊಡ್ಡ ಕಣ್ಣಿನ ಕಪ್ಪೆಯಂಥ ಪ್ರಾಣಿಗಳಿವೆ. ಅವು ಬಿಡುವ ಹೊಗೆ ತುಂಬಿಕೊಂಡರೆ ಸಾವು ಮಾತ್ರವಲ್ಲ, ಶಾಪವೂ ತಟ್ಟಿ ಪೂರ್ಣ ಆರೋಗ್ಯದ ಗೆರೆ ಅರ್ಧಕ್ಕೆ ಇಳಿಯುತ್ತದೆ. ಸತ್ತು ಎದ್ದು ಬಂದರೂ ಅರ್ಧವೇ. ಅದನ್ನು ಕಳೆಯುವ ಕಲ್ಲು ವ್ಯಾಪಾರಿಗಳ ಬಳಿ ಕೊಳ್ಳಲು ಸಿಗುತ್ತದೆ ಎಂದು ಗೊತ್ತಿಲ್ಲದವರು ಆಟವೇ ಕೆಟ್ಟಿತು ಎಂದುಕೊಂಡು ಅಳಿಸಿಹಾಕಿದ್ದುಂಟು. ಇಂಥ ಕಡೆ ಹಟ ಹಿಡಿದು ಗೈಡು ಮುಟ್ಟದೆ ಕೂರುವುದರಲ್ಲಿ ನನಗೆ ಯಾವ ಹೆಚ್ಚುಗಾರಿಕೆಯೂ ಕಾಣುವುದಿಲ್ಲ.

2022ರ ಎಲ್ಡನ್ ರಿಂಗ್‌ನಲ್ಲಿ ಇಂಥವು ಇನ್ನೂ ಜಾಸ್ತಿ. ಮೈಮೇಲಿನ ಕವಚ, ಆಯುಧಗಳ ತೂಕ ಹೊರಬಲ್ಲ ಮಿತಿಯ ಶೇ 70 ಮುಟ್ಟಿದರೆ ಉರುಳುವಿಕೆ ಭಾರವಾಗಿ ನಿಧಾನವಾಗುತ್ತದೆ. ಆ ಅಂಕಿಯನ್ನು ಆಟ ಜೋರಾಗಿ ಹೇಳುವುದಿಲ್ಲ, ಸಲಕರಣೆಯ ಪರದೆಯ ಮೂಲೆಯಲ್ಲಿ ‘ಹೆವಿ ಲೋಡ್’ ಎಂದು ಬರೆದಿರುತ್ತದೆ, ಅಷ್ಟೇ. ಹೊಸಬರು ಸಿಕ್ಕ ಕಬ್ಬಿಣವನ್ನೆಲ್ಲ ತೊಟ್ಟುಕೊಂಡು, ‘ಎಷ್ಟು ಸರಿಯಾಗಿ ಉರುಳಿದರೂ ಏಟು ಬೀಳುತ್ತದೆ’ ಎಂದು ಕಂಟ್ರೋಲರ್ ಬಿಸಾಡುತ್ತಾರೆ. ಕಾಲಿನ ಕವಚವೊಂದನ್ನು ಕಳಚಿದರೆ ಸರಿಹೋಗುವ ತೊಂದರೆ ಅದು. ಆಯುಧದ ವಿಷಯವೂ ಹೀಗೇ. ಮೊದಲು ಸಿಗುವ ಚರ್ಚಿನಲ್ಲಿರುವ ಕಮ್ಮಾರಿಕೆಯ ಅಡೆಗಲ್ಲಿನ ಮೇಲೆ ಅದನ್ನು +3ರವರೆಗೆ, ಅಂದರೆ ಮೂರು ಹಂತ ಮಾತ್ರ ಬಲಪಡಿಸಬಹುದು, ಅದಕ್ಕಿಂತ ಮೇಲಕ್ಕೆ ಬೇಕಾದರೆ ರೌಂಡ್‌ಟೇಬಲ್ ಹೋಲ್ಡ್ ಎಂಬ ತಾಣದ ಕಮ್ಮಾರನ ಬಳಿ ಹೋಗಬೇಕು. ಬಲಪಡಿಸಲು ಮಾಮೂಲಿ ಆಯುಧಕ್ಕೆ ಒಂದು ಬಗೆಯ ಕಲ್ಲು ಬೇಕು, ವಿಶೇಷ ಆಯುಧಕ್ಕೆ ಇನ್ನೊಂದು ಬಗೆಯದು. ಇದು ಗೊತ್ತಿಲ್ಲದೆ ನಲವತ್ತು ಗಂಟೆ +3ರಲ್ಲೇ ಹೊಡೆದಾಡಿದರೆ ಪ್ರತಿ ಬಾಸೂ (ಹಂತದ ದೊಡ್ಡ ಎದುರಾಳಿ) ಹಿಟ್ಟಿನ ಮೂಟೆಗೆ ಕೋಲಿನಲ್ಲಿ ಬಡಿದಂತೆ, ಮುಗಿಯುವುದೇ ಇಲ್ಲ.

ಆ ಆಟದ ಪಾತ್ರಗಳ ಕಥೆಯಂತೂ ಇನ್ನೂ ಸೂಕ್ಷ್ಮ. ಇವತ್ತು ಮರದ ಕೆಳಗೆ ಸಿಕ್ಕವನು ನಾಳೆ ಹತ್ತು ಮೈಲಿ ಆಚೆ, ಹೇಳದೆ ಕೇಳದೆ. ಅವನನ್ನು ಮತ್ತೆ ಹುಡುಕುವುದು ಎಷ್ಟು ಕಷ್ಟವಿತ್ತೆಂದರೆ, ಆಟ ಬಿಡುಗಡೆಯಾದ ಮರುತಿಂಗಳೇ, 2022ರ ಮಾರ್ಚಿನಲ್ಲಿ, 1.03 ಅಪ್‌ಡೇಟ್ ಮೂಲಕ ಭೇಟಿಯಾದ ಪಾತ್ರಗಳ ಗುರುತು ನಕ್ಷೆಯ ಮೇಲೆ ಮೂಡುವ ಅನುಕೂಲ ಸೇರಿಸಿದರು. ಮಾಡಿದವರೇ ಹೀಗೆ ಅರ್ಧ ಗೈಡು ಒಳಗಿಟ್ಟ ಮೇಲೆ ಉಳಿದರ್ಧ ಹೊರಗೆ ಓದುವವನನ್ನು ಹೀಯಾಳಿಸುವುದು ಸರಿಯಲ್ಲ. ಇದರ ಜೊತೆಗೆ, ಈ ಆಟ ತಾನಾಗಿಯೇ ಸೇವ್ ಮಾಡಿಕೊಳ್ಳುತ್ತದೆ, ಹಳೆಯ ಸೇವ್‌ಗೆ ಮರಳಲು ಆಟದೊಳಗೆ ದಾರಿಯಿಲ್ಲ. ಒಂದು ಹಂತ ದಾಟಿದ ಮೇಲೆ ಒಂದು ದೊಡ್ಡ ಊರು ಪೂರ್ತಿ ಬದಲಾಗುತ್ತದೆ, ಅಲ್ಲಿ ಬಾಕಿ ಉಳಿಸಿದ್ದ ಕೆಲವು ಕೆಲಸಗಳು ಕೈತಪ್ಪುತ್ತವೆ. ಯಾವ ಊರು, ಯಾವ ಹಂತ ಎಂದು ಇಲ್ಲಿ ಹೇಳುವುದಿಲ್ಲ, ಓದುಗರಲ್ಲಿ ಆ ಆಟ ಈಗ ಆಡುತ್ತಿರುವವರು ಇರಬಹುದು. ಹೀಗೆ ‘ಕೈತಪ್ಪುವವು’ ಇರುವ ದೊಡ್ಡ ಆಟಗಳಿಗೆ ಮಾತ್ರ ಶುರು ಮಾಡುವ ಮೊದಲೇ ಒಂದು ಬಗೆಯ ಗೈಡು ಓದಿಕೊಳ್ಳುವುದು ಒಳ್ಳೆಯದು. ಯಾವುದಕ್ಕೆ ಮುಂಚೆ ಯಾವುದನ್ನು ಮುಗಿಸಿರಬೇಕು ಎಂಬ ಪಟ್ಟಿ, ಕಥೆಯ ಮಾತು ಇಲ್ಲದ್ದು. ನೂರು ಗಂಟೆ ಹಾಕಿ ಮತ್ತೆ ಮೊದಲಿನಿಂದ ಆಡುವಷ್ಟು ಬಿಡುವು ಎಲ್ಲರಿಗೂ ಇರುವುದಿಲ್ಲ.

ಇನ್ನು ಕೈಯ ಮಾತು. ಗೈಡು ನೋಡಿಯೂ ಪ್ರಯೋಜನವಾಗದೆ ಜನ ಬೇಸತ್ತು ಬಿಡುವುದು ಹೆಚ್ಚಾಗಿ ಇಲ್ಲೇ. 2019ರ ಸೆಕಿರೊ ಆಟದಲ್ಲಿ ಸುಲಭ, ಕಷ್ಟ ಎಂದು ಆಯ್ಕೆ ಮಾಡಿಕೊಳ್ಳುವಂತಿಲ್ಲ. ಎದುರಾಳಿ ತಡೆಯಲಾಗದ ಏಟು ಹೊಡೆಯುವ ಮುನ್ನ ಕೆಂಪು ಅಕ್ಷರವೊಂದು ಮಿಂಚಿ ಸದ್ದಾಗುತ್ತದೆ. ಆ ಕೆಂಪು ಮೂರು ಬೇರೆಬೇರೆ ಏಟಿಗೆ ಒಂದೇ ಸಂಕೇತ. ಈಟಿಯಂತೆ ನೇರ ತಿವಿದರೆ ಹಿಂದೆ ಸರಿಯದೆ ಅವನ ಕಡೆಗೇ ನುಗ್ಗುವ ಬಟನ್ ಒತ್ತಿ ಮಿಕಿರಿ ವಿದ್ಯೆಯಿಂದ ಆಯುಧವನ್ನು ತುಳಿಯಬೇಕು. ಆ ವಿದ್ಯೆಯನ್ನು ಮೊದಲು ಕಲಿತಿರಬೇಕು. ಕಾಲಡಿಗೆ ಬೀಸಿದರೆ ಮೇಲಕ್ಕೆ ಹಾರಬೇಕು, ಹಾರಿದಾಗ ಮತ್ತೊಮ್ಮೆ ಒತ್ತಿದರೆ ಅವನ ತಲೆಯ ಮೇಲೆ ಕಾಲಿಟ್ಟು ನಿಲುವು (ಸಮತೋಲ) ಕೆಡಿಸಬಹುದು. ಹಿಡಿಯಲು ಬಂದರೆ ಪಕ್ಕಕ್ಕೋ ದೂರಕ್ಕೋ ತಪ್ಪಿಸಿಕೊಳ್ಳಬೇಕು. ಇಷ್ಟು ಮಾಹಿತಿ ಗೈಡಿನಿಂದ ಒಂದು ನಿಮಿಷದಲ್ಲಿ ಸಿಗುತ್ತದೆ. ಆಮೇಲಿನದು ಗೈಡಿನ ಕೈಯಲ್ಲಿಲ್ಲ. ಕೆಂಪು ಮಿಂಚಿದಾಗ ನೋಡಬೇಕಾದದ್ದು ಆ ಅಕ್ಷರವನ್ನಲ್ಲ, ಅವನ ಭುಜ ಮತ್ತು ಆಯುಧದ ತುದಿಯನ್ನು. ಅದನ್ನು ಕಣ್ಣು ಕಲಿಯಬೇಕು, ಕಣ್ಣು ಹೇಳಿದ್ದನ್ನು ಬೆರಳು ಕೇಳಬೇಕು. ಈಜು ಕಲಿಯುವವನಿಗೆ ದಡದಲ್ಲಿ ಕೂತು ನೋಡಿದರೆ ಬರುವುದೆಷ್ಟು, ಇದೂ ಅಷ್ಟೇ. ಆಟದಲ್ಲೇ ಪಾಳು ಗುಡಿಯ ಹೊರಗೆ ಹನ್‌ಬೆ ಎಂಬವನಿದ್ದಾನೆ, ಸಾವಿಲ್ಲದವನು. ಅವನ ಜೊತೆ ಬೇಕಾದ ಏಟನ್ನೇ ಆರಿಸಿಕೊಂಡು ಅಭ್ಯಾಸ ಮಾಡಬಹುದು. ಹತ್ತು ವಿಡಿಯೊ ನೋಡುವ ಹೊತ್ತನ್ನು ಅವನ ಮುಂದೆ ಕಳೆಯಿರಿ.

ಅದೇ ಆಟದಲ್ಲಿ ಜನ ತಪ್ಪು ತಿಳಿಯುವ ಇನ್ನೊಂದು ವಿಷಯವಿದೆ. ಎದುರಾಳಿಯ ನಿಲುವು ಕೆಟ್ಟಷ್ಟೂ ತುಂಬುವ ಗೆರೆಯೊಂದಿದೆ, ಅದು ತುಂಬಿದರೆ ಕೊನೆಯ ಏಟು ಕೊಡಬಹುದು, ನಿಜ. ಆದರೆ ಅವನ ಆರೋಗ್ಯ ಪೂರ್ತಿ ಇರುವಾಗ ಆ ನಿಲುವು ಬೇಗ ಸುಧಾರಿಸಿಕೊಳ್ಳುತ್ತದೆ, ಆರೋಗ್ಯ ಇಳಿದಷ್ಟೂ ಸುಧಾರಿಕೆ ನಿಧಾನ. ಬರೀ ಕತ್ತಿಗೆ ಕತ್ತಿ ತಾಗಿಸುತ್ತಾ ದೂರ ಸರಿದು ನಿಂತರೆ ಗೆರೆ ಮತ್ತೆ ಖಾಲಿಯಾಗುವುದು ಇದಕ್ಕೇ. ಮೊದಲು ಸ್ವಲ್ಪ ರಕ್ತ ಇಳಿಸಿ, ಆಮೇಲೆ ಒತ್ತಡ ಬಿಡದೆ ಮೇಲೆ ಬೀಳಬೇಕು. ನಿಮ್ಮ ನಿಲುವು ಕುಸಿಯುತ್ತಿದ್ದರೆ ತಡೆಯುವ ಬಟನ್ ಹಿಡಿದೇ ಇರಿ, ಹಿಡಿದಿದ್ದಾಗ ಬೇಗ ಚೇತರಿಸುತ್ತದೆ. ಇಂಥ ‘ಏಕೆ’ಗಳನ್ನು ಹೇಳುವ ಗೈಡು ಒಳ್ಳೆಯದು. ‘ಇಲ್ಲಿ ನಿಂತು ಇದನ್ನು ಒತ್ತಿ’ ಎಂದಷ್ಟೇ ಹೇಳುವ ಗೈಡು ಆ ಒಬ್ಬ ಬಾಸಿಗೆ ಆದೀತು, ಮುಂದಿನವನ ಎದುರು ಮತ್ತೆ ಬರಿಗೈ.

ಬೇರೆಯವರು ಗೆದ್ದದ್ದನ್ನು ನೋಡುವ ಮುಂಚೆ ತಾನು ಸೋತದ್ದನ್ನು ನೋಡುವ ರೂಢಿ ಮಾಡಿಕೊಳ್ಳಬೇಕು. ಸೌಲಭ್ಯ ಎಲ್ಲರ ಬಳಿ ಇದೆ, ಬಳಸುವವರು ಕಡಿಮೆ. ಪ್ಲೇಸ್ಟೇಷನ್ 4ರಲ್ಲಿ ಶೇರ್ ಬಟನ್ ಒತ್ತಿದರೆ ಮಾಮೂಲಿನಂತೆ ಹಿಂದಿನ 15 ನಿಮಿಷದ ಆಟ ಉಳಿಸಿಕೊಳ್ಳಬಹುದು. ವಿಂಡೋಸ್ ಕಂಪ್ಯೂಟರಿನಲ್ಲಿ ಗೇಮ್ ಬಾರ್‌ನ ಹಿನ್ನೆಲೆ ರೆಕಾರ್ಡಿಂಗ್ ಮೊದಲೇ ಆನ್ ಮಾಡಿಟ್ಟಿದ್ದರೆ ವಿಂಡೋಸ್, ಆಲ್ಟ್, ಜಿ ಮೂರು ಕೀಲಿ ಒಟ್ಟಿಗೆ ಒತ್ತಿದಾಗ ಕಳೆದ 30 ಸೆಕೆಂಡ್ ಸಿಗುತ್ತದೆ. ಅದನ್ನು ನಿಧಾನವಾಗಿ ಓಡಿಸಿ ನೋಡಿ. ಏಟು ಬಿದ್ದ ಕ್ಷಣದಲ್ಲಿ ನೀವು ಮದ್ದು ಕುಡಿಯುತ್ತಿದ್ದಿರೋ, ಇನ್ನೊಂದು ಏಟಿನ ಆಸೆಗೆ ನಿಂತಿದ್ದಿರೋ, ದಮ್ಮಿನ ಗೆರೆ ಖಾಲಿಯಾಗಿತ್ತೋ ಎಂಬುದು ಅಲ್ಲೇ ಕಾಣುತ್ತದೆ. ಬಹಳ ಸಲ ಕಾಣುವುದು ಆಸೆಯೇ: ಎರಡು ಹೊಡೆದು ಹಿಂದೆ ಸರಿಯಬೇಕಿದ್ದವನು ಮೂರನೆಯದಕ್ಕೆ ಕೈ ಹಾಕಿರುತ್ತಾನೆ.

ಗೈಡುಗಳು ಹೆಚ್ಚಾಗಿ ಹೇಳದ ಒಂದು ಕಾರಣವನ್ನು ಇಲ್ಲಿ ಒತ್ತಿ ಹೇಳಬೇಕು. ಮನೆಯ ಟಿವಿಯಲ್ಲಿ ಆಡುವವರು ಟಿವಿಯ ಸೆಟ್ಟಿಂಗಿಗೆ ಹೋಗಿ ‘ಗೇಮ್ ಮೋಡ್’ ಆನ್ ಮಾಡಿದ್ದೀರಾ ನೋಡಿ. ಟಿವಿ ಚಿತ್ರವನ್ನು ಚಂದಗಾಣಿಸುವ ಕೆಲಸ ಮಾಡುತ್ತಾ ಪರದೆಗೆ ತಡವಾಗಿ ಕಳಿಸುತ್ತದೆ. ಆ ಮೋಡ್ ಇಲ್ಲದಿದ್ದರೆ ಕೆಲವು ಟಿವಿಗಳಲ್ಲಿ ಆ ತಡ 100 ಮಿಲಿಸೆಕೆಂಡಿನಷ್ಟೂ ಆಗುತ್ತದೆ. ಸೆಕೆಂಡಿಗೆ 60 ಫ್ರೇಮ್ (ಚಿತ್ರ) ಓಡುವ ಆಟದಲ್ಲಿ ಅದು 6 ಫ್ರೇಮ್. ಎದುರಾಳಿಯ ಕೈ ನಿಮ್ಮ ಕಣ್ಣಿಗೆ ಕಾಣುವ ಹೊತ್ತಿಗೆ ಏಟು ಅರ್ಧ ದಾರಿ ಬಂದಿರುತ್ತದೆ. ಬ್ಲೂಟೂತ್ ಇಯರ್‌ಫೋನ್ ಹಾಕಿಕೊಂಡು ಸದ್ದು ಕೇಳಿ ತಡೆಯುವವರಿಗೂ ಇದೇ ಕಥೆ, ಸದ್ದು ತಡವಾಗಿ ಬರುತ್ತದೆ. ವೈರಿನ ಇಯರ್‌ಫೋನ್ ಹಾಕಿ. ನೂರು ಸಲ ಸತ್ತು ‘ನನ್ನ ಕೈಲಾಗದು’ ಎಂದು ಕೈಬಿಡುವ ಹುಡುಗರಲ್ಲಿ ಎಷ್ಟೋ ಮಂದಿಗೆ ಬೇಕಿದ್ದದ್ದು ಈ ಒಂದು ಸೆಟ್ಟಿಂಗ್.

ಈಗ ಒಗಟಿಗೆ ಬರೋಣ. ಇಲ್ಲಿ ನನ್ನ ಮಾತು ಕಟ್ಟುನಿಟ್ಟು: ಉತ್ತರವೇ ಆಟವಾಗಿರುವ ಕಡೆ ಗೈಡು ತೆರೆಯಬೇಡಿ. 2019ರ ಔಟರ್ ವೈಲ್ಡ್ಸ್‌ನಲ್ಲಿ ನಿಮ್ಮ ಪಾತ್ರಕ್ಕೆ ಹೊಸ ಶಕ್ತಿ ಬರುವುದಿಲ್ಲ, ಆಯುಧವಿಲ್ಲ, ಲೆವೆಲ್ ಇಲ್ಲ. 22 ನಿಮಿಷಕ್ಕೊಮ್ಮೆ ಎಲ್ಲವೂ ಮೊದಲಿಗೆ ಮರಳುತ್ತದೆ. ಉಳಿಯುವುದು ನೀವು ತಿಳಿದುಕೊಂಡದ್ದು ಮಾತ್ರ. ತಿಳಿವಳಿಕೆಯೊಂದೇ ಗಳಿಕೆಯಾಗಿರುವ ಆಟದಲ್ಲಿ ಅದನ್ನು ಬೇರೆಯವರಿಂದ ಪಡೆದುಕೊಂಡರೆ ಆಡಲು ಏನೂ ಉಳಿಯುವುದಿಲ್ಲ, ಮತ್ತೊಮ್ಮೆ ಆಡಿ ಸರಿಪಡಿಸಲೂ ಆಗುವುದಿಲ್ಲ. ಒಗಟು ಹಾಕುವ ಅಜ್ಜಿ ‘ಸೋತೆ ಅನ್ನು, ಹೇಳ್ತೀನಿ’ ಎಂದು ಕಾಯಿಸುತ್ತಿದ್ದದ್ದು ಸುಮ್ಮನೆ ಅಲ್ಲ. ಸೋತೆ ಎಂದ ಮೇಲೆ ಆ ಒಗಟು ಜೀವಮಾನದಲ್ಲಿ ಇನ್ನೊಮ್ಮೆ ನಿಮಗೆ ಒಗಟಾಗಿ ಉಳಿಯುವುದಿಲ್ಲ.

ಹಾಗಾದರೆ ಸಿಕ್ಕಿಕೊಂಡವರು ಏನು ಮಾಡಬೇಕು? ಮೊದಲು ಆಟದೊಳಗಿನ ಗೈಡನ್ನೇ ನೋಡಿ. ಔಟರ್ ವೈಲ್ಡ್ಸ್‌ನ ಬಾಹ್ಯಾಕಾಶ ಹಡಗಿನಲ್ಲಿ ಒಂದು ದಾಖಲೆ ಪರದೆ ಇದೆ. ಕಂಡದ್ದನ್ನೆಲ್ಲ ಅದು ಗೆರೆ ಎಳೆದು ಜೋಡಿಸಿ, ಎಲ್ಲಿ ನೋಡುವುದು ಇನ್ನೂ ಬಾಕಿ ಇದೆ ಎಂದೂ ತೋರಿಸುತ್ತದೆ. ದಾರಿ ಕಾಣದೆ ನಿಂತವರಲ್ಲಿ ಬಹುಪಾಲು ಜನ ಅದನ್ನು ಸರಿಯಾಗಿ ಓದಿರುವುದಿಲ್ಲ. 2018ರ ರಿಟರ್ನ್ ಆಫ್ ದಿ ಓಬ್ರಾ ಡಿನ್‌ನಲ್ಲಿ ಹಡಗಿನ 60 ಜನರಿಗೆ ಏನಾಯಿತು ಎಂದು ಪತ್ತೆ ಮಾಡಬೇಕು. ಮೂವರ ವಿವರ ಪೂರ್ತಿ ಸರಿಯಾದಾಗಲೇ ಆಟ ಒಟ್ಟಿಗೆ ಖಚಿತಪಡಿಸುತ್ತದೆ. ಸುಮ್ಮನೆ ಊಹಿಸಿ ಒಬ್ಬೊಬ್ಬರ ಉತ್ತರವನ್ನೇ ಪರೀಕ್ಷಿಸಿ ನೋಡದಂತೆ ಮಾಡಿದ ಏರ್ಪಾಡು ಅದು. ಒಬ್ಬನ ಗುರುತು ಹಿಡಿಯುವಷ್ಟು ಸುಳಿವು ಸಿಗುವವರೆಗೆ ಅವನ ಮುಖ ಮಸುಕಾಗಿರುತ್ತದೆ, ಎಷ್ಟು ಕಷ್ಟದ ಪಾತ್ರ ಎಂಬುದಕ್ಕೆ ಪಕ್ಕದಲ್ಲಿ ಸಣ್ಣ ತ್ರಿಕೋನಗಳೂ ಇವೆ. ಮುಖ ಮಸುಕಿದ್ದರೆ ತಲೆ ಕೆಡಿಸಿಕೊಳ್ಳದೆ ಮುಂದೆ ಹೋಗಿ, ಸ್ಪಷ್ಟವಾಗಿದ್ದರೆ ಸುಳಿವು ಈಗಾಗಲೇ ನಿಮ್ಮ ಬಳಿ ಇದೆ. 2017ರ ಹಾಲೊ ನೈಟ್‌ನಲ್ಲಿ ನಕ್ಷೆ ಮಾರುವವನು ಎಲ್ಲಿದ್ದಾನೆಂದು ಹುಡುಕಲು ಗೈಡು ಬೇಕಿಲ್ಲ, ಕಿವಿ ಸಾಕು. ಅವನು ಗುನುಗುವ ಹಾಡು ದೂರದಿಂದಲೇ ಕೇಳುತ್ತದೆ, ನೆಲದಲ್ಲಿ ಬಿದ್ದ ಕಾಗದದ ಚೂರುಗಳು ಅವನ ಕಡೆಗೇ ಕರೆದೊಯ್ಯುತ್ತವೆ. ಆದರೆ ನಕ್ಷೆ ಕೊಂಡರೆ ಸಾಲದು, ಗರಿಯ ಲೇಖನಿಯನ್ನೂ ಕೊಂಡು ಬೆಂಚಿನ ಮೇಲೆ ಕೂತಾಗಲೇ ಹೊಸದಾಗಿ ಸುತ್ತಿದ ಜಾಗ ಅದರಲ್ಲಿ ಮೂಡುತ್ತದೆ. ಇದು ಗೊತ್ತಿಲ್ಲದೆ ‘ನಕ್ಷೆ ಕೆಲಸ ಮಾಡುತ್ತಿಲ್ಲ’ ಎನ್ನುವವರು ಬಹಳ. ಅದು ಒಗಟಲ್ಲ, ಮಾಹಿತಿ. ಧಾರಾಳವಾಗಿ ಕೇಳಿ ತಿಳಿಯಬಹುದು.

ಇಷ್ಟಾದರೂ ಬಗೆಹರಿಯದಿದ್ದರೆ ಒಂದು ರಾತ್ರಿ ಬಿಟ್ಟು ನೋಡಿ. ಸಂಜೆ ಕಾಣದ್ದು ಬೆಳಗ್ಗೆ ಹಲ್ಲುಜ್ಜುವಾಗ ಹೊಳೆಯುತ್ತದೆ. ಆಮೇಲೂ ಇಲ್ಲವೆಂದರೆ ಉತ್ತರಕ್ಕೆ ಹೋಗದೆ ಸುಳಿವು ಕೇಳಿ. ಈಗಾಗಲೇ ಆಡಿ ಮುಗಿಸಿದ ಗೆಳೆಯನಿಗಿಂತ ಒಳ್ಳೆಯ ಗೈಡಿಲ್ಲ. ‘ಹೇಳಬೇಡ, ನಾನು ನೋಡಬೇಕಾದ್ದನ್ನು ನೋಡಿದ್ದೀನಾ ಅಷ್ಟು ಹೇಳು’ ಎಂದು ಕೇಳಿದರೆ ಅವನ ‘ಹೌದು’, ‘ಇಲ್ಲ’ ಎಂಬ ಒಂದೇ ಪದ ಸಾಕಾಗುತ್ತದೆ.

ಸ್ವಲ್ಪಸ್ವಲ್ಪವೇ ಸುಳಿವು ಕೊಡುವುದು ಹೊಸ ಯೋಚನೆಯಲ್ಲ. 1980ರ ದಶಕದ ಆರಂಭದಲ್ಲೇ ಅಮೆರಿಕದ ಇನ್‌ಫೋಕಾಂ ಕಂಪನಿ ಓದಿ, ಟೈಪ್ ಮಾಡಿ ಆಡುವ ತನ್ನ ಪಠ್ಯದ ಆಟಗಳಿಗೆ ಇನ್‌ವಿಸಿಕ್ಲೂಸ್ ಎಂಬ ಪುಸ್ತಿಕೆ ಮಾರುತ್ತಿತ್ತು. ಪ್ರಶ್ನೆಗಳು ಮಾಮೂಲಿ ಮಸಿಯಲ್ಲಿ, ಸುಳಿವುಗಳು ಕಾಣದ ಮಸಿಯಲ್ಲಿ. ಜೊತೆಗೆ ಕೊಟ್ಟ ಪೆನ್ನಿನಿಂದ ಉಜ್ಜಿದ ಸಾಲು ಮಾತ್ರ ಮೂಡುತ್ತಿತ್ತು. ಮೊದಲ ಸಾಲು ಸಣ್ಣ ಸೂಚನೆ, ಎರಡನೆಯದು ಇನ್ನಷ್ಟು ಹತ್ತಿರ, ಕೊನೆಯದು ಉತ್ತರ. ಎಲ್ಲಿ ನಿಲ್ಲಬೇಕೆಂದು ಓದುವವನೇ ತೀರ್ಮಾನಿಸುತ್ತಿದ್ದ. ನಲವತ್ತು ವರ್ಷದ ಹಿಂದೆ ಮಸಿಯಲ್ಲಿ ಮಾಡಿದ ಆ ಕೆಲಸವನ್ನು ಇವತ್ತಿನ ವಿಡಿಯೊಗಳು ಮಾಡುತ್ತಿಲ್ಲ ಎಂಬುದು ನನ್ನ ನಿಜವಾದ ಕೊರಗು. ಇಪ್ಪತ್ತು ನಿಮಿಷದ ವಿಡಿಯೊದಲ್ಲಿ ನಿಮಗೆ ಬೇಕಾದದ್ದು ಹತ್ತು ಸೆಕೆಂಡು. ಅದನ್ನು ಹುಡುಕುವಷ್ಟರಲ್ಲಿ ಮುಂದಿನ ಮೂರು ಬಾಗಿಲುಗಳ ಗುಟ್ಟೂ ಕಣ್ಣಿಗೆ ಬಿದ್ದಿರುತ್ತದೆ.

ಹಾಗಾಗಿ ನೋಡುವ ಕ್ರಮಕ್ಕೂ ಲೆಕ್ಕಾಚಾರ ಬೇಕು. ಬೇಕಿರುವುದು ಒಂದು ಸಾಲಿನ ಮಾಹಿತಿಯಾದರೆ ಬರಹದ ಗೈಡು ತೆರೆಯಿರಿ. 1995ರಿಂದ ಇರುವ ಜಾಲತಾಣ ಗೇಮ್‌ಫ್ಯಾಕ್ಸ್‌ನಂಥ ಕಡೆ ಹಳೆಯ ಆಟಗಳಿಗೆ ಉದ್ದುದ್ದ ಬರಹಗಳಿವೆ. ಕಂಟ್ರೋಲ್ ಮತ್ತು ಎಫ್ ಒತ್ತಿ ಆ ಜಾಗದ ಹೆಸರು ಹುಡುಕಿ, ಆ ಪ್ಯಾರಾ ಓದಿ, ಮುಚ್ಚಿ. ಏಟು ಹೇಗೆ ಬರುತ್ತದೆ ಎಂದು ನೋಡಬೇಕಾದರೆ ಮಾತ್ರ ವಿಡಿಯೊ, ಅದೂ ವೇಗವನ್ನು ಅರ್ಧಕ್ಕೆ ಇಳಿಸಿ. ಹುಡುಕುವಾಗ ಬಾಸಿನ ಹೆಸರಿಗಿಂತ ನೀವು ನಿಂತಿರುವ ಜಾಗದ ಹೆಸರು ಬರೆಯುವುದು ಲೇಸು. ಹೆಸರಿನ ಮೊದಲ ನಾಲ್ಕು ಅಕ್ಷರ ಹೊಡೆಯುವಷ್ಟರಲ್ಲಿ ಕೆಳಗೆ ಮೂಡುವ ಸಲಹೆಗಳೇ ಅವನು ಸಾಯುತ್ತಾನೋ, ಮೋಸ ಮಾಡುತ್ತಾನೋ, ಮತ್ತೆ ಬರುತ್ತಾನೋ ಎಂದು ಹೇಳಿಬಿಡುತ್ತವೆ. ಬ್ರೌಸರಿನ ಖಾಸಗಿ ಕಿಟಕಿಯಲ್ಲಿ ಹುಡುಕಿದರೆ ಮರುದಿನ ನಿಮ್ಮ ಯೂಟ್ಯೂಬ್ ಪುಟದ ತುಂಬ ಆ ಆಟದ ಕೊನೆಯ ದೃಶ್ಯದ ಚಿತ್ರಗಳು ಬಂದು ಕೂರುವುದು ತಪ್ಪುತ್ತದೆ. ಆಟೊಪ್ಲೇ ಆಫ್ ಮಾಡಿ.

ಗೈಡಿನ ತಾರೀಖು ನೋಡದೆ ನಂಬಬೇಡಿ. ಈಗಿನ ಆಟಗಳು ಬಿಡುಗಡೆಯಾದ ಮೇಲೂ ಬದಲಾಗುತ್ತಲೇ ಇರುತ್ತವೆ. ಒಂದು ಆಯುಧದ ಬಲ ತಗ್ಗುತ್ತದೆ, ಒಬ್ಬ ಬಾಸಿನ ಏಟು ಬದಲಾಗುತ್ತದೆ, ಗೋಡೆಯ ಮೂಲೆಯಲ್ಲಿ ನಿಂತು ಹೊಡೆಯುವ ಉಪಾಯ ಮುಂದಿನ ಪ್ಯಾಚಿನಲ್ಲಿ (ತಿದ್ದುಪಡಿಯಲ್ಲಿ) ಮುಚ್ಚಿಹೋಗುತ್ತದೆ. ಹಳೆಯ ವಿಡಿಯೊ ನೋಡಿ ಅದನ್ನೇ ಐವತ್ತು ಸಲ ಮಾಡಿ, ‘ಅವನಿಗೆ ಆಗುತ್ತದೆ, ನನಗೆ ಯಾಕೆ ಆಗುತ್ತಿಲ್ಲ’ ಎಂದು ನೊಂದುಕೊಳ್ಳುವವರಿಗೆ ಇದು ಗೊತ್ತಿರಬೇಕು. ವಿಡಿಯೊ ಮಾಡಿದವನ ಲೆವೆಲ್ ಎಷ್ಟು, ಆಯುಧ ಯಾವುದು, ಎಷ್ಟು ಬಲಪಡಿಸಿದ್ದು ಎಂಬುದನ್ನೂ ನೋಡಿ. 120ನೇ ಲೆವೆಲಿನವನು ಮೂರು ಏಟಿಗೆ ಮುಗಿಸಿದ್ದನ್ನು 25ನೇ ಲೆವೆಲಿನವನು ನೋಡಿ ಕಲಿಯುವಂಥದ್ದು ಏನೂ ಇಲ್ಲ.

ಸಮಯದ ಮಾತನ್ನೂ ಆಡದೆ ಬಿಡಲಾಗದು. ತುಮಕೂರಿನಿಂದ ಬೆಂಗಳೂರಿಗೆ ದಿನಾ ರೈಲಿನಲ್ಲಿ ಹೋಗಿ ಬರುವವರಿಗೆ ರಾತ್ರಿ ಊಟದ ಮೇಲೆ ಸಿಗುವುದು ಮುಕ್ಕಾಲು ಗಂಟೆ, ಅದರಲ್ಲೂ ಕರೆಂಟು ಕೈಕೊಡುವ ದಿನಗಳಿವೆ. ಅವರಿಗೂ ಬೇಸಿಗೆ ರಜೆಯ ವಿದ್ಯಾರ್ಥಿಗೂ ಒಂದೇ ನಿಯಮ ಹೇಳುವುದು ನ್ಯಾಯವಲ್ಲ. ದಾರಿ ಹುಡುಕುವುದಕ್ಕೇ ಎರಡು ರಾತ್ರಿ ಹೋದರೆ ಮೂರನೆಯ ರಾತ್ರಿ ನಕ್ಷೆ ನೋಡಿಬಿಡಿ, ಉಳಿದ ಹೊತ್ತನ್ನು ಕಾದಾಟಕ್ಕೋ ಒಗಟಿಗೋ ಇಟ್ಟುಕೊಳ್ಳಿ. ಇನ್ನು ಕೈ ನಡುಗುವವರು, ಬೆರಳು ಸ್ವಾಧೀನವಿಲ್ಲದವರು, ವಯಸ್ಸಾದವರು ಇದ್ದಾರೆ. 2018ರ ಸೆಲೆಸ್ಟ್ ಆಟದಲ್ಲಿ ಸಹಾಯದ ಮೋಡ್ ಇದೆ. ಆಟದ ವೇಗವನ್ನು ಶೇ 50ರವರೆಗೆ ಇಳಿಸಬಹುದು, ಏರುವ ದಮ್ಮು ಮುಗಿಯದಂತೆ ಮಾಡಬಹುದು, ಸಾವೇ ಬರದಂತೆಯೂ ಮಾಡಬಹುದು. ಗೈಡು ನೋಡಿಯೂ ಕೈ ಕೇಳದ ಕಡೆ ಬೇಕಾದದ್ದು ಇಂಥ ಸೌಲಭ್ಯ. ವೇಗವನ್ನು ಶೇ 80ಕ್ಕೆ ಇಳಿಸಿ ಆ ಜಾಗ ದಾಟಿ, ಆಮೇಲೆ ಬೇಕೆನಿಸಿದರೆ ಶೇ 100ರಲ್ಲಿ ಮತ್ತೆ ಆಡಿ. ಅವರನ್ನು ನೋಡಿ ನಗುವವರಿಗೆ ಆಟದ ಮೇಲೆ ಪ್ರೀತಿ ಇದೆ ಎಂದು ನಾನು ಒಪ್ಪುವುದಿಲ್ಲ.

ಪೋಷಕರಿಗೆ ಒಂದು ಎಚ್ಚರಿಕೆ. ಮೊಬೈಲ್ ಆಟಗಳಿಗೆ ಗೈಡು ಹುಡುಕುವ ಮಕ್ಕಳು ‘ಅನ್‌ಲಿಮಿಟೆಡ್ ಡೈಮಂಡ್’, ‘ಮಾಡ್ ಎಪಿಕೆ’ (ಯಾರೋ ತಿದ್ದಿದ ಆ್ಯಪ್ ಫೈಲ್) ಎಂಬ ಬಲೆಗೆ ಬೀಳುತ್ತಾರೆ. ಅವು ಗೈಡುಗಳಲ್ಲ. ಪ್ಲೇ ಸ್ಟೋರಿನ ಹೊರಗಿನಿಂದ ಹಾಕಿಕೊಂಡ ಅಂಥ ಆ್ಯಪ್ ಎಸ್ಸೆಮ್ಮೆಸ್ ಓದಲು ಅನುಮತಿ ಕೇಳಿದರೆ ಅದು ಹುಡುಕುತ್ತಿರುವುದು ನಿಮ್ಮ ಬ್ಯಾಂಕಿನ ಓಟಿಪಿಯನ್ನು. ಆಟದ ಖಾತೆಯೂ ನಿಷೇಧಕ್ಕೆ ಒಳಗಾಗುತ್ತದೆ. ನಿಜವಾದ ಗೈಡು ಓದಲು ಏನನ್ನೂ ಇನ್‌ಸ್ಟಾಲ್ ಮಾಡಬೇಕಾಗಿಲ್ಲ, ಪಾಸ್‌ವರ್ಡ್ ಕೊಡಬೇಕಾಗಿಲ್ಲ.

ಕನ್ನಡದಲ್ಲಿ ಗೇಮಿಂಗ್ ವಿಡಿಯೊ ಮಾಡುವ ಯುವಕ ಯುವತಿಯರಲ್ಲಿ ಒಂದು ವಿನಂತಿ. ನಿಮ್ಮ ಮಾತುಗಾರಿಕೆ ಚೆನ್ನಾಗಿದೆ, ನಮ್ಮ ಭಾಷೆಯಲ್ಲಿ ಕೇಳುವುದೇ ಹಿತ. ಆದರೆ ಗೈಡನ್ನು ಮೂರು ಮೆಟ್ಟಿಲು ಮಾಡಿ. ಎಲ್ಡನ್ ರಿಂಗ್‌ನ ಮೊದಲ ದೊಡ್ಡ ತಡೆ ಮಾರ್ಗಿಟ್‌ನನ್ನೇ ತೆಗೆದುಕೊಳ್ಳಿ. ಮೊದಲ ಮೆಟ್ಟಿಲು: ಅವನ ಬಳಿಗೆ ಇಷ್ಟು ಬೇಗ ಹೋಗಬೇಕಿಲ್ಲ, ದಕ್ಷಿಣಕ್ಕೂ ಒಂದು ಸೀಮೆ ಇದೆ. ಇಷ್ಟೇ ಸಾಕಾದವರು ಅಲ್ಲೇ ವಿಡಿಯೊ ನಿಲ್ಲಿಸಿ ಹೋಗಲಿ. ಎರಡನೆಯದು: ಆ ಸೀಮೆಯ ಮೂರು ಚರ್ಚುಗಳಲ್ಲಿ ಒಂದೊಂದು ಪವಿತ್ರ ಹನಿ ಸಿಗುತ್ತದೆ, ಅದರಿಂದ ಮದ್ದಿನ ಬುರುಡೆ ಒಂದು ಗುಟುಕಿಗೆ ತುಂಬುವ ಆರೋಗ್ಯ ಹೆಚ್ಚುತ್ತದೆ, ಆಯುಧವನ್ನು +3 ಮಾಡಿಕೊಂಡು ಬನ್ನಿ. ಮೂರನೆಯದು, ಪೂರ್ತಿ ಉತ್ತರ: ಮರ್ಕ್‌ವಾಟರ್ ಗುಹೆಯಲ್ಲಿ ಪ್ಯಾಚಸ್ ಎಂಬವನು ಸೋತು ಶರಣಾದಾಗ ಕೊಲ್ಲದೆ ಬಿಟ್ಟರೆ ವ್ಯಾಪಾರಿಯಾಗುತ್ತಾನೆ, ಅವನ ಬಳಿ 5000 ರೂನ್‌ಗೆ (ಆಟದ ಹಣ) ಸಿಗುವ ಸಂಕೋಲೆ ಮಾರ್ಗಿಟ್‌ನನ್ನು ಕಾದಾಟದ ಮೊದಲರ್ಧದಲ್ಲಿ ಸ್ವಲ್ಪ ಹೊತ್ತು ನೆಲಕ್ಕೆ ಕಟ್ಟಿಹಾಕುತ್ತದೆ. ಪ್ರತಿ ಮೆಟ್ಟಿಲಿಗೂ ವಿಡಿಯೊ ಕೆಳಗೆ ನಿಮಿಷ, ಸೆಕೆಂಡು ಬರೆಯಿರಿ. ಆಟದ ಆವೃತ್ತಿ, ನಿಮ್ಮ ಲೆವೆಲ್, ಆಯುಧ ಮೊದಲ ಹತ್ತು ಸೆಕೆಂಡಿನಲ್ಲಿ ಹೇಳಿ. ಕೊನೆಯ ಬಾಸಿನ ಮುಖವನ್ನು ಮುಖಚಿತ್ರದಲ್ಲಿ ಹಾಕಬೇಡಿ.

ಸಂಪಾದಕರೇ, ಕೊನೆಯದು ನಿಮಗೆ. ಪತ್ರಿಕೆಗಳಲ್ಲಿ ಪದಬಂಧದ ಉತ್ತರವನ್ನು ಅದೇ ಪುಟದಲ್ಲಿ ಎದುರಿಗೇ ಅಚ್ಚು ಹಾಕುವುದಿಲ್ಲ. ಮರುದಿನ ಕೊಡುತ್ತಾರೆ, ಇಲ್ಲವೇ ತಲೆಕೆಳಗಾಗಿ ಮುದ್ರಿಸುತ್ತಾರೆ. ಓದುಗರ ಯೋಚನೆಗೆ ಬೆಲೆ ಕೊಡುವ ಆ ಪದ್ಧತಿ ನಿಮ್ಮವರಿಗೆ ಚೆನ್ನಾಗಿ ಗೊತ್ತು. ವಾರಕ್ಕೊಮ್ಮೆ ಪುರವಣಿಯಲ್ಲಿ ಕಾಲು ಪುಟ ಜಾಗ ಮಾಡಿ, ಒಂದು ಆಟ, ಒಂದು ಸಿಕ್ಕು ತೆಗೆದುಕೊಂಡು, ಮೇಲೆ ಸುಳಿವು, ಕೆಳಗೆ ತಲೆಕೆಳಗಾಗಿ ಉತ್ತರ ಹಾಕಬಹುದು. ಬರೆದುಕೊಡಬಲ್ಲವರು ತುಮಕೂರಿನಲ್ಲೂ, ಕೋಲಾರ, ಚಿಕ್ಕಬಳ್ಳಾಪುರದಲ್ಲೂ ಇದ್ದಾರೆ. ಮೊದಲ ಕಂತಿಗೆ ಹಾಲೊ ನೈಟ್ ಸೂಕ್ತ. ಅದು ಸಾಧಾರಣ ಕಂಪ್ಯೂಟರಿನಲ್ಲೂ ಓಡುತ್ತದೆ.

ಇತಿ,
ತಮ್ಮ ಓದುಗ
ತುಮಕೂರು